ಕೂಲಿ ಏರಿದರೆ ಫಿಲೇಚರ್ ಮುಚ್ಚುತ್ತದೆಂಬ ನಂಬಿಕೆ

ಕನಿಷ್ಠ ವೇತನ ಪರಿಷ್ಕರಣೆಯ ಕರಡು ಹೊರಬಿದ್ದಾಗಲೆಲ್ಲ ರಾಮನಗರದ ರೇಷ್ಮೆ ವಲಯದಲ್ಲಿ ಒಂದೇ ಮಾತು: ಕೂಲಿ ಏರಿಸಿದರೆ ಗೂಡಿನಿಂದ ಎಳೆ ತೆಗೆಯುವ ಫಿಲೇಚರ್‌ಗಳು ಬಾಗಿಲು ಹಾಕುತ್ತವೆ, ಹೊಟ್ಟೆಗೆ ಹೊಡೆತ ಬೀಳುವುದು ಕೂಲಿಯವರಿಗೇ. ಎಷ್ಟು ಏರಿದರೆ ಎಷ್ಟು ಹೊರೆ ಎಂದು ಯಾರೂ ಕೇಳುವುದಿಲ್ಲ. ಬೇಸರ ಇರುವುದೇ ಅಲ್ಲಿ. ಒಂದು ಕಿಲೋ ಕಚ್ಚಾ ರೇಷ್ಮೆಗೆ ಏಳು ಕಿಲೋ ಆಸುಪಾಸು ಗೂಡು ಬೇಕು. ಎಳೆ ತೆಗೆಯುವ ರೀಲರ್‌ನ ಖರ್ಚಿನಲ್ಲಿ ಸಿಂಹಪಾಲು ಗೂಡಿನದೇ. ಹರಾಜಿನಲ್ಲಿ ಗೂಡು ಕಿಲೋಗೆ 50 ರೂಪಾಯಿ ಏರಿತೆಂದರೆ ರೇಷ್ಮೆಯ ಕಿಲೋ ಮೇಲೆ 350 ರೂಪಾಯಿ ಬಿತ್ತು. ಇಂಥ ಏರಿಳಿತ ತಾಳಿಕೊಂಡೇ ಬಂದ ಕಸುಬು, ಬಿಸಿನೀರಿನ ಬೇಸಿನ್‌ನಲ್ಲಿ ಎಳೆ ಹುಡುಕಿ ಹುಡುಕಿ ಬೆರಳ ತುದಿ ಸುಲಿದುಹೋದ ಹೆಂಗಸಿಗೆ ನಿಯಮದಷ್ಟು ಕೂಲಿ ಕೊಟ್ಟೊಡನೆ ಮುಳುಗುತ್ತದೆ ಎಂದರೆ ನಂಬುವುದು ಹೇಗೆ? ಈ ಕಸುಬನ್ನು ನಿಜವಾಗಿ ಅಲುಗಾಡಿಸಿದ್ದು ಬೇರೆ. 2011ರ ಕೇಂದ್ರ ಬಜೆಟ್ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿದಾಗ ಗೂಡಿನ ದರ ನೆಲಕಚ್ಚಿತು. ಚನ್ನಪಟ್ಟಣದ ಬೊಂಬೆಗೆ ಪೆಟ್ಟು ಕೊಟ್ಟದ್ದೂ ಅಗ್ಗದ ಚೀನಾ ಪ್ಲಾಸ್ಟಿಕ್ ಆಟಿಕೆಯೇ ಹೊರತು ಕುಶಲಕರ್ಮಿಯ ಕೂಲಿಯಲ್ಲ.

ಮಾಲೀಕರು ಜನರನ್ನು ಕಡಿಮೆ ಮಾಡುತ್ತಾರೆ ಎಂಬ ಆಕ್ಷೇಪಕ್ಕೆ ತೂಕವಿದೆ. ಮಿತಿಯಿಲ್ಲದೆ ಏರಿಸಿದರೆ ಕೆಲಸ ಹೋಗುವುದು ಖಂಡಿತ. ಆದರೆ 1992ರಲ್ಲಿ ಅಮೆರಿಕದ ನ್ಯೂಜೆರ್ಸಿ ಗಂಟೆಯ ಕನಿಷ್ಠ ಕೂಲಿಯನ್ನು 4.25 ಡಾಲರ್‌ನಿಂದ 5.05ಕ್ಕೆ ಏರಿಸಿದಾಗ, ಅರ್ಥಶಾಸ್ತ್ರಜ್ಞರಾದ ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಪಕ್ಕದ ಪೆನ್ಸಿಲ್ವೇನಿಯಾದ ಜೊತೆ ಹೋಲಿಸಿ ನೋಡಿದರು. ಫಾಸ್ಟ್‌ಫುಡ್ ಅಂಗಡಿಗಳಲ್ಲಿ ಉದ್ಯೋಗ ಕುಗ್ಗಿರಲಿಲ್ಲ. ಅವರ ಅಂಕಿಗಳನ್ನು ಪ್ರಶ್ನಿಸಿದವರಿದ್ದಾರೆ, ಚರ್ಚೆ ಇನ್ನೂ ಮುಗಿದಿಲ್ಲ. ಆದರೂ "ಏರಿಸಿದೊಡನೆ ಕೆಲಸ ಹೋಗುತ್ತದೆ" ಎಂಬ ಖಚಿತ ಸೂತ್ರ ಆಮೇಲೆ ಉಳಿಯಲಿಲ್ಲ. ಕಾರ್ಡ್‌ಗೆ 2021ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಏರಿಸಿದರೂ ಕೆಲಸ ಉಳಿಯುವುದಕ್ಕೆ ಒಂದು ವಿವರಣೆಯಿದೆ: ಕೆಲಸಗಾರರಿಗೆ ಬೇರೆ ದಾರಿಯಿಲ್ಲದ ಕಡೆ ಕೂಲಿ ಅದರ ನ್ಯಾಯದ ಬೆಲೆಗಿಂತ ಕೆಳಗೇ ನಿಂತಿರುತ್ತದೆ, ಏರಿಸಲು ಜಾಗವಿರುತ್ತದೆ. ಮುಂಗಡ ಪಡೆದವರು ಅದು ತೀರುವವರೆಗೂ ಅದೇ ಮಾಲೀಕರ ಬಳಿ ದುಡಿಯುವ ರೂಢಿ ರೇಷ್ಮೆ ಕಸುಬಿಗೆ ಹೊಸದೇನಲ್ಲ. ಇನ್ನು ಕೂಲಿ ಏರಿದರೆ ಸ್ವಯಂಚಾಲಿತ ರೀಲಿಂಗ್ ಯಂತ್ರಗಳು ಬರುತ್ತವೆಂಬ ಭಯ: ಅವು ಬಂದದ್ದು ಚೀನಾ ರೇಷ್ಮೆಯ ಗುಣಮಟ್ಟಕ್ಕೆ ಸಾಟಿಯಾಗಲು, ಅದೂ ಸರ್ಕಾರದ ಸಹಾಯಧನದಲ್ಲಿ. ಕೂಲಿ ಏರಿದರೆ ಎಲ್ಲದರ ಬೆಲೆಯೂ ಅಷ್ಟೇ ಏರುತ್ತದೆ ಎಂಬುದಂತೂ ಬರೀ ಮಾತು. ಕೂಲಿ ಖರ್ಚಿನ ಒಂದು ಭಾಗ ಮಾತ್ರ.

ಇಷ್ಟು ಸುಲಭದ ಲೆಕ್ಕವನ್ನೂ ಕೇಳದೆ, ಗಟ್ಟಿಯಾಗಿ ಹೇಳಿದ್ದನ್ನೆಲ್ಲ ಅರ್ಥಶಾಸ್ತ್ರವೆಂದು ಒಪ್ಪುವ ಅಭ್ಯಾಸ ನಮ್ಮಲ್ಲಿ ಬೇರೂರಿದೆ. ಗೂಡಿನ ಗರಿಷ್ಠ, ಕನಿಷ್ಠ, ಸರಾಸರಿ ದರ ದಿನವೂ ಪ್ರಕಟವಾಗುತ್ತದೆ. ಕನಿಷ್ಠ ವೇತನದ ದರಪಟ್ಟಿಯನ್ನು ಕೆಲಸದ ಜಾಗದಲ್ಲಿ ತೂಗುಹಾಕಬೇಕೆಂಬ ನಿಯಮವೂ 1948ರ ಕಾಯ್ದೆಯ ಕಾಲದ್ದೇ. ಫಿಲೇಚರ್ ಮುಚ್ಚುತ್ತದೆ ಎನ್ನುವವರು ಮೊದಲು ಆ ವೇತನದ ಪಟ್ಟಿಯನ್ನೂ ಕೂಲಿ ಪುಸ್ತಕವನ್ನೂ ಪಕ್ಕಪಕ್ಕ ಇಟ್ಟು ತೋರಿಸಲಿ.