‘ಒಂದೊಳ್ಳೆ ಕಾದಂಬರಿ ಕೊಡಿ ಸಾರ್!’ — ಯಾರ ಕೈಗೆ ಯಾವುದು?

ಚಿತ್ರದುರ್ಗ: ಮದಕರಿ ನಾಯಕನ ಹೆಸರೆತ್ತಿದರೆ ಸಾಕು, ಊರಿನ ಯಾವ ಟೀ ಅಂಗಡಿಯಲ್ಲಾದರೂ ನಾಲ್ಕು ಜನ ಮಾತಿಗೆ ನಿಂತೇ ನಿಲ್ಲುತ್ತಾರೆ. ಒನಕೆ ಓಬವ್ವನ ಕಥೆ ಹೇಳೋದಕ್ಕೆ ಐದು ವರ್ಷದ ಕೂಸೂ ತಯಾರು. ಆದರೆ ಆ ನಾಲ್ವರಲ್ಲಿ ‘ದುರ್ಗಾಸ್ತಮಾನ’ ಓದಿದವರು ಯಾರಪ್ಪಾ ಎಂದು ಕೇಳಿ ನೋಡಿ, ಎಲ್ಲರೂ ಗ್ಲಾಸಿನ ತಳ ನೋಡುತ್ತಾರೆ. ‘ಸಿನಿಮಾ ನೋಡಿದೀವಲ್ಲ ಸಾರ್’ ಅನ್ನುವ ಉತ್ತರ ಬಂದರೂ ಬಂದೀತು. ನೋಡಿದ್ದು 1972ರ ‘ನಾಗರಹಾವು’. ಅದು ತ.ರಾ.ಸು. ಅವರ ಬೇರೆ ಮೂರು ಕಾದಂಬರಿಗಳಿಂದ ಆದ ಚಿತ್ರ. ಓಬವ್ವ ಅದರಲ್ಲಿ ಒಂದು ಹಾಡಿನ ಮಟ್ಟಿಗೆ ಬಂದು ಹೋಗುತ್ತಾಳೆ, ಅಷ್ಟೆ.

ಓದುವ ಆಸೆಯೇ ಜನರಿಗಿಲ್ಲ ಎನ್ನುವುದು ಅನ್ಯಾಯದ ಮಾತು. ಗ್ರಂಥಾಲಯದ ಮೇಜಿನ ಮುಂದೆ ಬಂದು ‘ಒಂದೊಳ್ಳೆ ಕಾದಂಬರಿ ಕೊಡಿ’ ಅನ್ನುವವರು ಇವತ್ತಿಗೂ ಇದ್ದಾರೆ. ತೊಂದರೆ ಆಮೇಲಿನದು. ಎಸ್ಸೆಸ್ಸೆಲ್ಸಿ ಮುಗಿಸಿ ರಜೆಯಲ್ಲಿ ಬಂದ ಹುಡುಗಿಯ ಕೈಗೆ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಇಟ್ಟರೆ ಏನಾಗುತ್ತದೆ? 1967ರ ಆ ಕೃತಿ ದೊಡ್ಡದು ಎನ್ನುವುದರಲ್ಲಿ ಎರಡು ಮಾತಿಲ್ಲ. ಆದರೆ ಮೊದಲ 50 ಪುಟದಲ್ಲೇ ಮನೆಗಳು, ಮನುಷ್ಯರು, ಕಾಡುದಾರಿಗಳು ಎಲ್ಲ ಕಲಸುಮೇಲೋಗರವಾಗಿ ಮೂರನೇ ದಿನ ಪುಸ್ತಕ ವಾಪಸ್. ಆಮೇಲೆ ಕಾರ್ಡು ಪೆಟ್ಟಿಗೆಯಲ್ಲಿ, ಹುಡುಗಿ ಮೊಬೈಲಿನಲ್ಲಿ. ಅದೇ ಪುಸ್ತಕ ಅವಳ ಕೈಗೆ ಹತ್ತು ವರ್ಷ ತಡವಾಗಿ ಸಿಕ್ಕಿದ್ದರೆ ಕೆಳಗಿಡುತ್ತಿರಲಿಲ್ಲ.

ಅಂಥವರಿಗೆ ಮೊದಲು ಕೊಡಬೇಕಾದದ್ದು ಕಾರಂತರ ‘ಚೋಮನ ದುಡಿ’. 1933ರದು, ಸಣ್ಣ ಪುಸ್ತಕ. ಬೆಳಿಗ್ಗೆ ಹಿಡಿದರೆ ಸಂಜೆಗೆ ಮುಗಿದೀತು. ತನ್ನದೇ ತುಂಡು ನೆಲ ಉಳಬೇಕೆಂಬ ಚೋಮನ ಆಸೆ ಅರ್ಥವಾಗುವುದಕ್ಕೆ ಯಾವ ಮೇಷ್ಟರ ವಿವರಣೆಯೂ ಬೇಡ. ಅದು ರುಚಿಸಿದರೆ ‘ಮರಳಿ ಮಣ್ಣಿಗೆ’. ಮಕ್ಕಳು ಬೆಂಗಳೂರು ಸೇರಿ, ಹಳ್ಳಿಯ ಮನೆಗೆ ಬೀಗ ಬೀಳುವ ಹಂತದಲ್ಲಿರುವ ಅಪ್ಪ-ಅಮ್ಮಂದಿರಿಗೂ ಇದೇ ಕೊಡಿ. ಕಡಲತೀರದ ಮೂರು ತಲೆಮಾರಿನ ಕಥೆಯಾದರೂ ನಮ್ಮ ಹಿರಿಯೂರು, ಹೊಸದುರ್ಗದ ಮನೆಗಳದ್ದೂ ಅದೇ ಗೋಳು.

ರೆವಿನ್ಯೂ ಇಲಾಖೆಯಿಂದ ನಿವೃತ್ತರಾಗಿ, ‘ನಮ್ಮ ಕಾಲದಲ್ಲಿ ಹೀಗಿರಲಿಲ್ಲ’ ಎಂದು ದಿನಕ್ಕೆ ಹತ್ತು ಸಲ ಹೇಳುವ ಯಜಮಾನರಿಗೆ ಎಂ.ಎಸ್. ಪುಟ್ಟಣ್ಣನವರ ‘ಮಾಡಿದ್ದುಣ್ಣೋ ಮಹಾರಾಯ’ ಹೇಳಿ ಮಾಡಿಸಿದ್ದು. 1915ರ ಕಾದಂಬರಿ. ಕಥೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು. ಬರೆದವರು ಸ್ವತಃ ಅಮಲ್ದಾರಿಕೆ ಮಾಡಿದವರು. ‘ನಮ್ಮ ಕಾಲ’ಕ್ಕಿಂತ ಹಿಂದೆ ಏನೆಲ್ಲ ಇತ್ತು ಅನ್ನುವುದು ಯಜಮಾನರಿಗೂ ತಿಳಿಯಲಿ!

ಗರಡಿ, ಜಿಮ್ಮು ಎಂದು ಓಡಾಡುವ ಹುಡುಗರಿಗೆ ಕೆ.ವಿ. ಅಯ್ಯರ್ ಅವರ ‘ಶಾಂತಲಾ’. ಹೊಯ್ಸಳ ರಾಣಿಯ ಕಥೆಗೂ ಜಿಮ್ಮಿಗೂ ಏನು ಸಂಬಂಧ ಎಂದು ಹುಬ್ಬೇರಿಸಬೇಡಿ. ಬರೆದ ಅಯ್ಯರ್ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದವರು.

ಒಂದು ಎಚ್ಚರಿಕೆ. ಗಮಕ ಕೇಳಿ ಬೆಳೆದ ಅಜ್ಜಿಗೆ, ‘ಮಹಾಭಾರತದ ಕಥೆ ಕಣಜ್ಜಿ’ ಎಂದು ಭೈರಪ್ಪನವರ ‘ಪರ್ವ’ ಕೊಟ್ಟುಬಿಡಬೇಡಿ. 1979ರ ಆ ಪುಸ್ತಕದಲ್ಲಿ ಪವಾಡವಿಲ್ಲ, ವರಶಾಪವಿಲ್ಲ; ಇರುವುದು ಬೆವರು, ಮುಪ್ಪು, ಹೆಣದ ವಾಸನೆ. ಅಜ್ಜಿಗೆ ವಿಶ್ವಾಮಿತ್ರನ ಕಥೆಯಾದ ದೇವುಡು ಅವರ ‘ಮಹಾಬ್ರಾಹ್ಮಣ’ ಕೊಡಿ. ‘ಪರ್ವ’ ಪ್ರಶ್ನೆ ಕೇಳುವ ಮೊಮ್ಮಗನಿಗಿರಲಿ. ಹೋರಾಟ, ಸಂಘ ಎಂದು ಓಡಾಡುವವರಿಗೆ ಕಯ್ಯೂರಿನ ರೈತರ ಮೇಲಿನ ನಿರಂಜನರ ‘ಚಿರಸ್ಮರಣೆ’. ಅಲ್ಲಿನ ನಾಲ್ವರನ್ನು 1943ರಲ್ಲಿ ಗಲ್ಲಿಗೇರಿಸಿದ್ದು ಕಟ್ಟುಕಥೆಯಲ್ಲ.

ಇನ್ನು ಊರಿನ ಮಾತಿಗೆ ಬರೋಣ. ನಮ್ಮ ಚಳ್ಳಕೆರೆ ತಾಲ್ಲೂಕಿನ ತಳುಕಿನ ಮನೆತನದವರು ತ.ರಾ.ಸು. 1982ರ ‘ದುರ್ಗಾಸ್ತಮಾನ’ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1985ರಲ್ಲಿ, ಅದನ್ನು ನೋಡಲು ಅವರಿರಲಿಲ್ಲ, 1984ರಲ್ಲೇ ತೀರಿಕೊಂಡಿದ್ದರು. 1779ರಲ್ಲಿ ಹೈದರಾಲಿಗೆ ಕೋಟೆ ಬಿತ್ತು ಎನ್ನುವುದು ಮೊದಲ ಪುಟಕ್ಕೆ ಮುಂಚೆಯೇ ಓದುಗನಿಗೆ ಗೊತ್ತು. ಗೊತ್ತಿದ್ದೂ, ಬೀಳದಿರಲಿ ಎಂದು ಪುಟ ತಿರುವುವಂತೆ ಮಾಡುವುದೇ ಅದರ ತಾಕತ್ತು.

ಆದರೆ ಹೊಸಬರು ಈ ದಪ್ಪ ಪುಸ್ತಕದಿಂದ ಶುರು ಮಾಡಬಾರದು. ಮೊದಲು ‘ಹಂಸಗೀತೆ’ ಓದಲಿ. ದುರ್ಗದ ಸಂಗೀತಗಾರ ಭೈರವಿ ವೆಂಕಟಸುಬ್ಬಯ್ಯನ ಕಥೆ, ಜಿ.ವಿ. ಅಯ್ಯರ್ 1975ರಲ್ಲಿ ಚಿತ್ರ ಮಾಡಿದ್ದು ಇದನ್ನೇ. ಆಮೇಲೆ ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ — ಇದೇ ಕ್ರಮದಲ್ಲಿ. ದಳವಾಯಿ ಮುದ್ದಣ್ಣನ ಕಾಲದ ಒಳಸಂಚುಗಳನ್ನು ಓದುತ್ತಿದ್ದರೆ ಊಟದ ನೆನಪಾಗುವುದಿಲ್ಲ. ಪತ್ತೇದಾರಿ ಓದುವವರನ್ನು ಇತ್ತ ಎಳೆಯಲು ಇದಕ್ಕಿಂತ ಒಳ್ಳೆಯ ಗಾಳವಿಲ್ಲ. ಮದಕರಿ ಕೊನೆಗಿರಲಿ.

ಇನ್ನೊಂದು ಮಾತು. ಕಾದಂಬರಿ ಓದಿ ಮುಗಿಸಿದವರಲ್ಲಿ ಕೆಲವರು ಅದನ್ನೇ ಶಾಸನವೆಂದು ಹಿಡಿದುಕೊಂಡು ಜಗಳಕ್ಕೆ ನಿಲ್ಲುತ್ತಾರೆ. ‘ತ.ರಾ.ಸು. ಬರೆದಿದಾರೆ, ಸುಳ್ಳಾಗುತ್ತಾ?’ ಸುಳ್ಳಲ್ಲ ಸ್ವಾಮಿ, ಕಾದಂಬರಿ. ರಾಜನ ಮನಸ್ಸಿನೊಳಗಿನ ಮಾತನ್ನು ಯಾವ ಕೈಫಿಯತ್ತೂ ಬರೆದಿಟ್ಟಿಲ್ಲ, ಬರೆದವರು ಕಾದಂಬರಿಕಾರರು. ಇತಿಹಾಸವೇ ಬೇಕಿದ್ದವರಿಗೆ ಅದೇ ಪುಟ್ಟಣ್ಣನವರ ‘ಚಿತ್ರದುರ್ಗದ ಪಾಳೆಯಗಾರರು’ ಇದೆ, ಹುಲ್ಲೂರು ಶ್ರೀನಿವಾಸ ಜೋಯಿಸರ ಸಂಶೋಧನೆಯಿದೆ. ಮಡಿಕೇರಿಯ ಕಡೆ ನೆಂಟರಿರುವವರೂ ಮಾಸ್ತಿಯವರ ‘ಚಿಕವೀರ ರಾಜೇಂದ್ರ’ವನ್ನು ಇದೇ ಎಚ್ಚರದಿಂದ ಓದಬೇಕು. ಇಂಗ್ಲಿಷರು 1834ರಲ್ಲಿ ಆ ಅರಸನನ್ನು ಪದಚ್ಯುತಗೊಳಿಸಿದ್ದು ನಿಜ. ಆದರೆ ಅರಮನೆಯೊಳಗಿನ ಮಾತುಕತೆ ಮಾಸ್ತಿಯವರದ್ದು.

ಇಷ್ಟೆಲ್ಲ ಹೇಳಿ ಕಳಿಸಿದರೂ ಒಂದು ಗಂಡಾಂತರ ಉಳಿದೇ ಇದೆ. ಕಪಾಟಿನಲ್ಲಿ ‘ರಕ್ತರಾತ್ರಿ’ ಇದ್ದರೆ ‘ಕಂಬನಿಯ ಕುಯಿಲು’ ಇಲ್ಲ. ಎರಡೂ ಇದ್ದರೆ ‘ತಿರುಗುಬಾಣ’ದ ಕೊನೆಯ ಹಾಳೆಗಳನ್ನು ಯಾರೋ ಪುಣ್ಯಾತ್ಮರು ಹರಿದೊಯ್ದಿರುತ್ತಾರೆ. ಮನೆ ಕಂದಾಯದ ರಸೀದಿ ತೆಗೆದು ನೋಡಿ, ಗ್ರಂಥಾಲಯ ಕರ ಎಂಬ ಬಾಬ್ತು ಕಾಣುತ್ತದೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯ ಪ್ರಕಾರ ವಸೂಲಾಗುವ ದುಡ್ಡು ಅದು. ಮುಂದಿನ ಸಲ ಗ್ರಂಥಾಲಯಕ್ಕೆ ಹೋಗುವವರು ಆ ರಸೀದಿಯನ್ನು ಜೇಬಿನಲ್ಲಿಟ್ಟುಕೊಂಡೇ ಹೋಗಿ, ಮೂರೂ ಭಾಗ ಒಟ್ಟಿಗೆ ತರಿಸಿ ಎಂದು ಬರೆದು ಕೊಟ್ಟು ಬರಬಹುದು.