ಅಟ್ಟದ ಮೇಲಿನ ಪುಸ್ತಕ, ಅಂಗಳದ ಅಡಿಕೆ

ಮಂಗಲ್ಪಾಡಿಯ ನಮ್ಮ ಮನೆಯ ಅಟ್ಟದಲ್ಲಿ ಎರಡು ಸರಕು ಉಂಟು. ಒಂದು, ಗೋಣಿಯಲ್ಲಿ ಕಟ್ಟಿಟ್ಟ ಅಡಿಕೆ. ಇನ್ನೊಂದು, ನಾನೇ ಬರೆದು ನಾನೇ ಅಚ್ಚು ಹಾಕಿಸಿದ ಪುಸ್ತಕದ ಕಟ್ಟುಗಳು. ಅಡಿಕೆ ವರ್ಷವರ್ಷವೂ ಕೆಳಗಿಳಿಯುತ್ತದೆ. ಪುಸ್ತಕ ಇಳಿಯುವುದಿಲ್ಲ!

ಮಾಡಿಸಿದ್ದು 500 ಪ್ರತಿ. ನೂರರಷ್ಟು ನೆಂಟರಿಷ್ಟರಿಗೆ ಹೋಯಿತು. ಹಣ ಕೊಟ್ಟವರನ್ನು ಬೆರಳಲ್ಲಿ ಎಣಿಸಬಹುದು. ಐವತ್ತನ್ನು ಒಂದು ಅಂಗಡಿಗೆ ಕೊಟ್ಟೆ. ನೂರಕ್ಕೆ ಮೂವತ್ತೈದು ಅವರಿಗೆ, ಉಳಿದದ್ದು ನನಗೆ, ಅದೂ 'ಮಾರಿಹೋದ ಮೇಲೆ'. ಆ 'ಮೇಲೆ' ಇನ್ನೂ ಬಂದಿಲ್ಲ. ಉಪ್ಪಳ ಪೇಟೆಯ ವ್ಯಾಪಾರಿ ಮಿತ್ರರೊಬ್ಬರು ಒಂದು ದಿನ ಕೇಳಿಯೇಬಿಟ್ಟರು: "ಎಂತ ಮಾರಾಯ್ರೆ, ಗಿರಾಕಿ ಯಾರೂಂತ ಗೊತ್ತಿಲ್ಲದೆ ಯಾರಾದರೂ ಸರಕು ಇಳಿಸ್ತಾರಾ?"

ಪ್ರಶ್ನೆ ನಾಟಿತು. ಅಡಿಕೆ ಧಾರಣೆ ಕುಸಿದು ಬೆಳೆಗಾರ ಕಂಗಾಲಾದಾಗ ನಮ್ಮವರು ಸುಮ್ಮನೆ ಕೂರಲಿಲ್ಲ. ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ 1973ರಲ್ಲಿ ಕ್ಯಾಂಪ್ಕೊ ಹುಟ್ಟಿತು. ಗಡಿಯ ಈಚಿನವರೂ ಆಚಿನವರೂ ಅದರಲ್ಲಿ ಒಟ್ಟಾದರು. ಇಂಥದ್ದೇ ಕೆಲಸವನ್ನು ಮಲಯಾಳದ ಸಾಹಿತಿಗಳು ಅದಕ್ಕೂ ಮೊದಲೇ ಮಾಡಿದ್ದರು. 1945ರಲ್ಲಿ ಎಂ.ಪಿ. ಪೋಳ್, ಕಾರೂರ್ ನೀಲಕಂಠ ಪಿಳ್ಳೆ ಮೊದಲಾದವರು ಕೋಟ್ಟಯಂನಲ್ಲಿ ಲೇಖಕರದೇ ಸಹಕಾರಿ ಸಂಘ ಕಟ್ಟಿ, ಬರೆದವನಿಗೆ ನೂರಕ್ಕೆ ಮೂವತ್ತು ಗೌರವಧನ ಸಿಗುವಂತೆ ಮಾಡಿದರು.

ಹಾಗೆಂದು ಕನ್ನಡದವರೇನು ಹಿಂದೆ ಬಿದ್ದವರಲ್ಲ. 1933ರಲ್ಲಿ ಧಾರವಾಡದಲ್ಲಿ ಜಿ.ಬಿ. ಜೋಶಿಯವರು ಆರಂಭಿಸಿದ ಮನೋಹರ ಗ್ರಂಥಮಾಲೆ ನಿಂತದ್ದು ಚಂದಾದಾರರ ಬಲದ ಮೇಲೆ. ಓದುಗ ಮೊದಲೇ ಹಣ ಕೊಡುತ್ತಾನೆ, ಪುಸ್ತಕ ಮನೆಗೆ ಬರುತ್ತದೆ. ಹಳತಾಯಿತು ಎನ್ನುವಿರಾ? 2025ರಲ್ಲಿ ಬಾನು ಮುಷ್ತಾಕರ ಕನ್ನಡ ಕಥೆಗಳು ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದದಲ್ಲಿ ಅಂತಾರಾಷ್ಟ್ರೀಯ ಬೂಕರ್ ಪಡೆದವಲ್ಲ, ಆ ಪುಸ್ತಕ ತಂದದ್ದು ಇಂಗ್ಲೆಂಡಿನ 'ಆಂಡ್ ಅದರ್ ಸ್ಟೋರೀಸ್' ಎಂಬ ಸಣ್ಣ ಪ್ರಕಾಶನ. ಅವರದ್ದೂ ಚಂದಾ ಪದ್ಧತಿಯೇ. ಮುಂಗಡ ಕೊಟ್ಟವರ ಹೆಸರನ್ನು ಪುಸ್ತಕದಲ್ಲೇ ಅಚ್ಚು ಹಾಕುತ್ತಾರೆ.

ಅಷ್ಟು ದೂರ ಯಾಕೆ? ನಮ್ಮ ಕಾಸರಗೋಡಿನಲ್ಲೇ ಹುಟ್ಟಿದ ಸಾರಾ ಅಬೂಬಕ್ಕರ್ ಇದ್ದರಲ್ಲ. ಮನೆಮಾತು ಮಲಯಾಳ, ಬರೆದದ್ದು ಕನ್ನಡದಲ್ಲಿ. 'ಚಂದ್ರಗಿರಿಯ ತೀರದಲ್ಲಿ' ಮೊದಲು ಬೆಳಕು ಕಂಡದ್ದು 'ಲಂಕೇಶ್ ಪತ್ರಿಕೆ'ಯ ಪುಟಗಳಲ್ಲಿ. 1994ರಲ್ಲಿ ಅವರು 'ಚಂದ್ರಗಿರಿ ಪ್ರಕಾಶನ' ತೆರೆದು ತಮ್ಮ ಪುಸ್ತಕಗಳನ್ನು ತಾವೇ ತಂದರು. ನಮ್ಮ ಹೊಳೆಯ ಹೆಸರು ಹೊತ್ತ ಆ ಪ್ರಕಾಶನವನ್ನು ಕಟ್ಟಿದವರು 2023ರ ಜನವರಿಯಲ್ಲಿ ತೀರಿಕೊಂಡರು.

ಇದೆಲ್ಲ ಬರೀ ಸಾಹಿತಿಗಳ ತಲೆನೋವು ಎಂದುಕೊಳ್ಳಬೇಡಿ. 1956ರಲ್ಲಿ ಗಡಿ ಗೆರೆ ಬಿದ್ದಂದಿನಿಂದ ನಾವು ಬೆಂಗಳೂರಿನ ಪುಸ್ತಕದಂಗಡಿಗೂ ದೂರ, ತಿರುವನಂತಪುರದ ಕಚೇರಿಗೂ ದೂರ. ತುಳು, ಮಲಯಾಳ, ಬ್ಯಾರಿ, ಕೊಂಕಣಿ ಬೆರೆತ ನಮ್ಮ ಕನ್ನಡವನ್ನು ಬೇರೆ ಊರಿನವರು ಬಂದು ಬರೆಯುವುದುಂಟಾ? ತೋಟದ ಮಾತು, ದೋಣಿಯ ಮಾತು, ಸಂತೆಯ ಲೆಕ್ಕದ ಮಾತು ಅಚ್ಚಾಗದಿದ್ದರೆ ಅಜ್ಜಂದಿರ ಜೊತೆಗೇ ಹೋಗುತ್ತದೆ. ಮಕ್ಕಳು ಕನ್ನಡ ಶಾಲೆಯಲ್ಲಿ ಕಲಿತರೂ, ತಮ್ಮ ಊರಿನ ಹೆಸರಿರುವ ಪುಸ್ತಕ ಅವರ ಕೈಗೆ ಸಿಗುವುದಿಲ್ಲ.

ಹಳೆಯ ತೋಟಗಾರರು ಹೇಳಿದ ಮಾತುಗಳನ್ನು ನಾನೀಗ ಬರೆದಿಡುತ್ತಿದ್ದೇನೆ. ಪುಸ್ತಕ ಆಗಬೇಕು. ಆದರೆ ಈ ಸಲ ವ್ಯಾಪಾರಿ ಮಿತ್ರರ ಬುದ್ಧಿ ಕೇಳಿದ್ದೇನೆ. ನೂರು ಮಂದಿ ಮುಂಗಡ ಕೊಟ್ಟರೆ ಮಾತ್ರ ಮುದ್ರಣ. ಕೊಟ್ಟವರ ಹೆಸರು ಕೊನೆಯ ಪುಟದಲ್ಲಿ. ಇಲ್ಲಿಯವರೆಗೆ ಹದಿನಾಲ್ಕು ಹೆಸರು ಬಂದಿದೆ. ಮೊದಲನೆಯದು ಆ ಮಿತ್ರರದ್ದೇ!

ಹಾಗಾಗಿ ಓದುಗರೇ, ಈ ಸಲ ನಾನು ಮೊದಲು ಅಚ್ಚು ಹಾಕಿಸಿದ್ದು ಪುಸ್ತಕವನ್ನಲ್ಲ, ರಶೀದಿ ಪುಸ್ತಕವನ್ನು.