ಪಕ್ಕದ ತಾಕಿನಲ್ಲಿ ಎಷ್ಟು ಬೆಳೆಯಿತು?

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯಲ್ಲಿ ಹೊನಲು ಬೆಳಕಿನ ಟೆನಿಸ್ ಬಾಲ್ ಟೂರ್ನಿಗಳಿಗೆ ಬರವಿಲ್ಲ. ಅಲ್ಲಿ ಯಾವನೋ ಹುಡುಗ ಇಪ್ಪತ್ತು ಎಸೆತಕ್ಕೆ ಅರವತ್ತು ಬಾರಿಸಿದನೆಂದರೆ ಮಾರನೆಯ ಬೆಳಿಗ್ಗೆ ಟೀ ಅಂಗಡಿಯ ಮಾತಿನಲ್ಲಿ ಅವನು ಆಗಲೇ ಚಿನ್ನಸ್ವಾಮಿ ಕ್ರೀಡಾಂಗಣ ತಲುಪಿರುತ್ತಾನೆ. ‘ಇಂಥವನನ್ನ ರಣಜಿಗೆ ಯಾಕೆ ತಗೊಳ್ಳಲ್ಲ?’ ಎಂಬ ಪ್ರಶ್ನೆಗೆ ‘ಬೆಂಗಳೂರಿನವರ ಕಾರುಬಾರು’ ಎಂಬ ಉತ್ತರವೂ ಸಿದ್ಧವಿರುತ್ತದೆ. ಅದರಲ್ಲಿ ಎಷ್ಟು ನಿಜ, ಎಷ್ಟು ಹೊಟ್ಟೆಯುರಿ ಎಂಬ ವಿಚಾರಕ್ಕೆ ನಾನು ಹೋಗುವುದಿಲ್ಲ. ಅದರ ಅಡಿಯಲ್ಲಿ ಒಂದು ಶುದ್ಧ ವಿಜ್ಞಾನದ ಪ್ರಶ್ನೆಯಿದೆ. ಸಣ್ಣ ಕಣದಲ್ಲಿ ಗೆದ್ದವನು ದೊಡ್ಡ ಕಣದಲ್ಲೂ ನಿಲ್ಲುತ್ತಾನೆಯೇ ಎಂದು ಮೊದಲೇ ತಿಳಿಯುವುದು ಹೇಗೆ?

ಈ ಪ್ರಶ್ನೆಯನ್ನು ಹೆಚ್ಚು ಲೆಕ್ಕಾಚಾರದಿಂದ ಹಿಂಬಾಲಿಸಿದವರು ಅಮೆರಿಕದ ಬೇಸ್‌ಬಾಲ್‌ನವರು. ಅಲ್ಲಿನ 30 ಮೇಜರ್ ಲೀಗ್ ತಂಡಗಳಲ್ಲಿ ಒಂದೊಂದಕ್ಕೂ ಕೆಳಗೆ ನಾಲ್ಕು ಮೆಟ್ಟಿಲಿನ ಮೈನರ್ ಲೀಗ್ ತಂಡಗಳಿವೆ. ಸಿಂಗಲ್-ಎ, ಹೈ-ಎ, ಡಬಲ್-ಎ, ಟ್ರಿಪಲ್-ಎ. ಹದಿನೆಂಟರ ಹುಡುಗ ಕೆಳಗಿನ ಮೆಟ್ಟಿಲಿನಿಂದ ಏರುತ್ತಾ ಹೋಗಬೇಕು, ಬಹುಪಾಲು ಜನ ನಡುವೆಯೇ ಉಳಿಯುತ್ತಾರೆ. 2008ರಲ್ಲಿ ಒಂದು ಟಿ.ವಿ. ಸ್ಪರ್ಧೆಯಿಂದ ಆಯ್ಕೆಯಾಗಿ ಪಿಟ್ಸ್‌ಬರ್ಗ್ ಪೈರೇಟ್ಸ್ ಜೊತೆ ಒಪ್ಪಂದ ಮಾಡಿಕೊಂಡ ಉತ್ತರ ಪ್ರದೇಶದ ಜಾವೆಲಿನ್ ಹುಡುಗರು ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ ಈ ಏಣಿಯನ್ನೇ ಹತ್ತಲು ಹೊರಟವರು. ರಿಂಕು ಸಿಂಗಲ್-ಎವರೆಗೆ ಹೋದರು. ಮೇಜರ್ ಲೀಗ್ ಇಬ್ಬರಿಗೂ ಸಿಗಲಿಲ್ಲ.

ಕೆಳಗಿನ ಲೀಗಿನ ಅಂಕಿಗಳು ಸುಳ್ಳು, ಅವನ್ನು ನಂಬಬಾರದು ಎಂಬುದು ಅಲ್ಲಿನ ಹಳಬರ ಮಾತಾಗಿತ್ತು. 1985ರಲ್ಲಿ ಬಿಲ್ ಜೇಮ್ಸ್ ಎಂಬ ಅಂಕಿಅಂಶದ ಹುಚ್ಚಿನ ಲೇಖಕ ಅದನ್ನು ಪ್ರಶ್ನಿಸಿದ. ಅಂಕಿಗಳು ಸುಳ್ಳಲ್ಲ, ಅವನ್ನು ಪರಿವರ್ತಿಸಿ ಓದಬೇಕು ಅಷ್ಟೇ ಎಂದ. ಸಮುದ್ರಮಟ್ಟದಿಂದ 1,500 ಮೀಟರಿಗೂ ಮೇಲಿರುವ ಆಲ್ಬುಕರ್ಕಿಯಂಥ ಊರಿನಲ್ಲಿ ಗಾಳಿ ತೆಳು, ಹೊಡೆದ ಚೆಂಡು ದೂರ ಹಾರುತ್ತದೆ. ಅಲ್ಲಿ ಎಲ್ಲರ ಅಂಕಿಯೂ ಉಬ್ಬಿರುತ್ತದೆ. ಆ ಉಬ್ಬನ್ನೂ ಎದುರಾಳಿಗಳ ಮಟ್ಟವನ್ನೂ ಕಳೆದರೆ ಉಳಿಯುವ ಸಂಖ್ಯೆ ಮುಂದಿನದನ್ನು ಚೆನ್ನಾಗಿಯೇ ಹೇಳುತ್ತದೆ.

ಬಿಲ್ ಜೇಮ್ಸ್ ಹೇಳಿದ್ದು ಮಂಡ್ಯದ ವಿ.ಸಿ. ಫಾರಂನವರಿಗೆ ಹೊಸದಾಗಿ ಕೇಳಿಸುತ್ತಿರಲಿಲ್ಲ. 1930ರ ದಶಕದ ಆರಂಭದಲ್ಲಿ, ವಿಶ್ವೇಶ್ವರಯ್ಯ ನಾಲೆಗೆ ನೀರು ಹರಿದ ಕಾಲಕ್ಕೇ ಶುರುವಾದ ಈ ಸಂಶೋಧನಾ ಕೇಂದ್ರದ ಕಸುಬೇ ಹೊಸಬರನ್ನು ಅಳೆಯುವುದು. ಇಲ್ಲಿನ ಹೊಸಬರು ಭತ್ತದ, ರಾಗಿಯ, ಕಬ್ಬಿನ ತಳಿಗಳು. ರಾಗಿ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕಾದ ರಾಗಿಗಳನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಕಟ್ಟಿದ್ದು ಇಲ್ಲೇ. ಕೆಆರ್‌ಎಚ್-2 ಹೈಬ್ರಿಡ್ ಭತ್ತ ಬಂದದ್ದೂ ಇಲ್ಲಿಂದಲೇ.

ಇಲ್ಲಿ ಒಂದು ತಾಕಿನಲ್ಲಿ ಹೊಸ ಭತ್ತ ಹೆಕ್ಟೇರಿಗೆ ಎಂಟು ಟನ್ ಲೆಕ್ಕದಲ್ಲಿ ಇಳುವರಿ ಕೊಟ್ಟಿತು ಎಂದರೆ ಯಾರೂ ಹಿಗ್ಗುವುದಿಲ್ಲ. ಮೊದಲು ಕೇಳುವುದು, ಪಕ್ಕದ ತಾಕಿನಲ್ಲಿ ಚೆಕ್ ತಳಿ ಎಷ್ಟು ಕೊಟ್ಟಿತು ಎಂದು. ಚೆಕ್ ಎಂದರೆ ರೈತರು ಆಗಲೇ ಬೆಳೆಯುತ್ತಿರುವ, ಎಲ್ಲರಿಗೂ ಗೊತ್ತಿರುವ ತಳಿ. ಅದು ಏಳೂಮುಕ್ಕಾಲು ಟನ್ ಕೊಟ್ಟಿದ್ದರೆ ಆ ವರ್ಷದ ಮಳೆ, ಗೊಬ್ಬರ, ಬಿಸಿಲು ಎಲ್ಲರಿಗೂ ಒಲಿದಿದೆ ಎಂದಷ್ಟೇ ಅರ್ಥ. ಒಂದೇ ತಳಿಯನ್ನು ಬೇರೆ ಬೇರೆ ಕಡೆ ಮೂರು ನಾಲ್ಕು ತಾಕುಗಳಲ್ಲಿ, ಚೀಟಿ ಎತ್ತಿದ ಹಾಗೆ ಜಾಗ ಹಂಚಿ ಹಾಕುತ್ತಾರೆ. ಬದುವಿನ ಪಕ್ಕದ ತಾಕಿಗೆ ನೀರು ಹೆಚ್ಚು ಸಿಕ್ಕಿದರೆ ಅದರ ಪುಣ್ಯ ಒಂದೇ ತಳಿಗೆ ಹೋಗಬಾರದಲ್ಲ. ಆರ್.ಎ. ಫಿಷರ್ 1920ರ ದಶಕದಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ ರೂಪಿಸಿದ ಈ ಪದ್ಧತಿಯ ಮೇಲೆಯೇ ಜಗತ್ತಿನ ಕೃಷಿ ಪ್ರಯೋಗಗಳು ನಿಂತಿವೆ.

ಇದಾದ ಮೇಲೂ ಏಣಿಯಿದೆ. 1965ರಲ್ಲಿ ಶುರುವಾದ ಅಖಿಲ ಭಾರತ ಸಮನ್ವಯ ಭತ್ತ ಯೋಜನೆಯಲ್ಲಿ ತಳಿ ಮೊದಲ ವರ್ಷ ಆರಂಭಿಕ ಪರೀಕ್ಷೆ, ಗೆದ್ದರೆ ಮುಂದಿನ ಎರಡು ವರ್ಷ ಮುಂದುವರಿದ ಪರೀಕ್ಷೆ, ಹೀಗೆ ದೇಶದ ಹತ್ತಾರು ಕಡೆ ಬೆಳೆಯಬೇಕು. ಆಗ ಅದಕ್ಕೆ ಹೆಸರಿರುವುದಿಲ್ಲ, ಐಇಟಿ ಎಂಬ ಸಂಖ್ಯೆಯಷ್ಟೇ. ಯಾರು ಹೆತ್ತದ್ದು, ಯಾವ ಊರಿನದು ಎಂಬುದು ಅಳೆಯುವವನ ಕೈಯನ್ನು ತೂಗದಿರಲಿ ಎಂಬ ಎಚ್ಚರ. ಕ್ರಿಕೆಟ್ ಆಯ್ಕೆಯಲ್ಲೂ ಮೊದಲ ಸುತ್ತಿಗಾದರೂ ಹುಡುಗರ ಬೆನ್ನಿಗೆ ಹೆಸರಿನ ಬದಲು ಸಂಖ್ಯೆ ಅಂಟಿಸಿದರೆ ಹೇಗೆ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಹಲವು ಕಡೆ ಬೆಳೆಯಬೇಕಾದ ಕಾರಣ ಜಿಲ್ಲೆಯೊಳಗೇ ಕಾಣುತ್ತದೆ. ನಾಲೆಯ ತಲೆಯಲ್ಲಿರುವ ಗದ್ದೆಗೆ ಸಕಾಲಕ್ಕೆ ನೀರು. ಮದ್ದೂರು, ಮಳವಳ್ಳಿಯ ಕೊನೆ ಭಾಗದವರಿಗೆ ನೀರು ತಲುಪುವಾಗ ನಾಟಿಯ ಹದ ಮೀರಿರುವುದೂ ಉಂಟು. ಸಕಾಲದ ನಾಟಿಯಲ್ಲಿ ಮೊದಲ ಸ್ಥಾನಕ್ಕೆ ಬಂದ ದೀರ್ಘಾವಧಿ ತಳಿ ತಡವಾದ ನಾಟಿಯಲ್ಲಿ ಕೊನೆಗಿಳಿಯಬಹುದು. ಅದನ್ನೇ ಮಲೆನಾಡಿಗೆ ಒಯ್ದರೆ ಬೆಂಕಿ ರೋಗ ಕಾದಿರುತ್ತದೆ. ಇಂಡಾಫ್ ರಾಗಿಗಳ ಇಳುವರಿಗೆ ಎಲ್ಲರೂ ತಲೆದೂಗಿದರೂ ಬೆಂಕಿ ರೋಗಕ್ಕೆ ಅವು ಬಗ್ಗುತ್ತಿದ್ದವು. ಇಂಡಾಫ್ ರಕ್ತಕ್ಕೆ ರೋಗನಿರೋಧಕ ತಳಿಯೊಂದನ್ನು ಕೂಡಿಸಿ ಜಿಪಿಯು-28 ಬಂದ ಮೇಲೆ ಆ ಚಿಂತೆ ತಗ್ಗಿತು. ತಳಿ ವಿಜ್ಞಾನದವರು ಇದನ್ನು ತಳಿ-ಪರಿಸರ ಅಂತರ್‌ಕ್ರಿಯೆ ಎನ್ನುತ್ತಾರೆ. ಪರಿಸರ ಬದಲಾದಾಗ ಎಲ್ಲರ ಅಂಕಿಯೂ ಒಂದೇ ಪ್ರಮಾಣದಲ್ಲಿ ಇಳಿದರೆ ತೊಂದರೆಯಿಲ್ಲ, ಪರಿವರ್ತನೆ ಸುಲಭ. ಸಾಲಿನ ಕ್ರಮವೇ ತಲೆಕೆಳಗಾದಾಗ ತಲೆನೋವು.

ಕ್ರಿಕೆಟ್ಟಿನಲ್ಲಿ ಕ್ರಮ ತಲೆಕೆಳಗಾಗುವ ಜಾಗ ಮ್ಯಾಟಿಂಗ್ ಮತ್ತು ಟರ್ಫ್ ನಡುವಿನ ಗಡಿ. ಜಿಲ್ಲೆಯ ಹುಡುಗ ಟೆನಿಸ್ ಬಾಲಿನಿಂದ ಶುರುಮಾಡಿ, ಲೆದರ್ ಬಾಲನ್ನು ಮ್ಯಾಟಿಂಗ್ ಮೇಲೆ ಎದುರಿಸಿ, ಕೆಎಸ್‌ಸಿಎ ಮೈಸೂರು ವಲಯದ ತಂಡಕ್ಕೆ ಬಂದರೆ ಮೈಸೂರಿನ ಗಂಗೋತ್ರಿ ಗ್ಲೇಡ್ಸ್‌ನಂಥ ಟರ್ಫ್ ಮೇಲೆ ಆಡಬೇಕಾಗುತ್ತದೆ. ವೇಗವೂ ಏರುತ್ತದೆ. ಬೌಲರ್ ಕೈಬಿಟ್ಟ ಚೆಂಡು ಬ್ಯಾಟ್ಸ್‌ಮನ್ ಮುಟ್ಟಲು ಸುಮಾರು 17-18 ಮೀಟರ್ ಸಾಗಬೇಕು. ಗಂಟೆಗೆ 120 ಕಿ.ಮೀ. ವೇಗವಿದ್ದರೆ ಅರ್ಧ ಸೆಕೆಂಡಿಗಿಂತ ತುಸು ಹೆಚ್ಚು ಸಮಯ, 140 ಆದರೆ ಅರ್ಧಕ್ಕಿಂತ ತುಸು ಕಡಿಮೆ. ವ್ಯತ್ಯಾಸ ಕಣ್ಣು ಮಿಟುಕಿಸುವಷ್ಟೂ ಇಲ್ಲ.

1987ರಲ್ಲಿ ಪೀಟರ್ ಮೆಕ್ಲಿಯೋಡ್ ಎಂಬ ಮನಃಶಾಸ್ತ್ರಜ್ಞ ಒಂದು ಸೊಗಸಾದ ಪ್ರಯೋಗ ಮಾಡಿದರು. ಮ್ಯಾಟಿಂಗ್ ಅಡಿಯಲ್ಲಿ ಒಂದು ಬದಿ ದುಂಡಗಿರುವ ಮರದ ಪಟ್ಟಿಗಳನ್ನಿಟ್ಟು, ಚೆಂಡು ಪುಟಿದಾಗ ಎಡಕ್ಕೋ ಬಲಕ್ಕೋ ತಿರುಗುವಂತೆ ಮಾಡಿ, ಇಂಗ್ಲೆಂಡ್ ಪರ ಆಡಿದವರನ್ನೇ ನಿಲ್ಲಿಸಿ ಚಿತ್ರೀಕರಿಸಿದರು. ಚೆಂಡು ತಿರುಗಿದ ಮೇಲೆ ಸುಮಾರು 0.2 ಸೆಕೆಂಡಿನೊಳಗೆ ಬ್ಯಾಟಿನ ದಿಕ್ಕು ಬದಲಿಸಲು ಅವರಿಂದಲೂ ಆಗಲಿಲ್ಲ. ಅಂದರೆ ದೊಡ್ಡ ಆಟಗಾರನ ನರಗಳೇನೂ ಬೇರೆ ಲೋಹದವಲ್ಲ. ಅವನ ಹೆಚ್ಚುಗಾರಿಕೆ ಚೆಂಡು ಬರುವ ಮುನ್ನವೇ ಇದೆ. ಮೈಕಲ್ ಲ್ಯಾಂಡ್ ಜೊತೆ 2000ದಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ ಮೆಕ್ಲಿಯೋಡ್ ಬ್ಯಾಟ್ಸ್‌ಮನ್ನರ ಕಣ್ಣಿನ ಚಲನೆಯನ್ನು ಹಿಂಬಾಲಿಸಿದರು. ಚೆಂಡು ಎಲ್ಲಿ ಪುಟಿಯುವುದೋ ಆ ಜಾಗಕ್ಕೆ ಕಣ್ಣು ಮುಂಚಿತವಾಗಿ ಹಾರುತ್ತದೆ, ಪಳಗಿದವನದು ಇನ್ನೂ ಬೇಗ ಹಾರುತ್ತದೆ. ಈ ಗುಣ ಟೆನಿಸ್ ಬಾಲಿನ ಸಿಕ್ಸರುಗಳ ಲೆಕ್ಕದಲ್ಲಿ ಕಾಣುವುದಿಲ್ಲ. ಅದನ್ನು ವೇಗದ ಚೆಂಡಿನ ಎದುರೇ ಪರೀಕ್ಷಿಸಬೇಕು.

ಅಂಕಿಗಿಂತ ಕಣ್ಣೇ ಮೇಲೆನ್ನುವ ಹಳೆಯ ಕೋಚ್‌ಗಳಿಗೆ ಇಲ್ಲಿ ಒಂದು ಅಂಕ ಕೊಡಬೇಕು. ಮಳವಳ್ಳಿ ತಾಲ್ಲೂಕಿನ ಬಂಡೂರಿನ ಟಗರನ್ನು ಬಲ್ಲವರು ಹಿಂದಿನಿಂದ ನೋಡಿ, ತೊಡೆಗಳ ನಡುವಿನ ಆಕಾರ, ಕುಳ್ಳಗೆ ತುಂಬಿದ ಮೈ ಇಷ್ಟರಲ್ಲೇ ಬೆಲೆ ಕಟ್ಟುತ್ತಾರೆ. ಅವರು ನೋಡುವ ಆಕಾರವೇ ಅವರಿಗೆ ಬೇಕಾದ ಗುಣವಾದ್ದರಿಂದ ಆ ಕಣ್ಣು ತಪ್ಪುವುದು ಕಡಿಮೆ. ಬೇಸ್‌ಬಾಲ್ ಸ್ಕೌಟ್‌ಗಳೂ ಕಣ್ಣಳತೆಗೆ 20ರಿಂದ 80ರ ಮಾಪಕವಿಟ್ಟುಕೊಂಡಿದ್ದಾರೆ. 50 ಎಂದರೆ ಮೇಜರ್ ಲೀಗಿನ ಸಾಧಾರಣ ಆಟಗಾರ. ಹೋಲಿಕೆ ಯಾವಾಗಲೂ ಮೇಲಿನ ಮಟ್ಟದವನ ಜೊತೆ, ಎದುರಿಗಿರುವ ಹುಡುಗರ ಜೊತೆ ಅಲ್ಲ. ಇದೂ ಒಂದು ಬಗೆಯ ಚೆಕ್ ತಳಿಯೇ.

ಇನ್ನು ಅದೃಷ್ಟದ ಲೆಕ್ಕ. ಬ್ಯಾಟಿಂಗ್ ಸ್ಕೋರುಗಳು ಎಷ್ಟು ಚಂಚಲ ಎಂಬುದು ನಮಗೆ ಅಂದಾಜಿಲ್ಲ. ಪ್ರತಿ ರನ್ನಿಗೂ ಔಟಾಗುವ ಸಂಭವ ಹೆಚ್ಚುಕಡಿಮೆ ಒಂದೇ ಎಂದು ಹಿಡಿದರೆ ಸ್ಕೋರುಗಳು ಗುಣೋತ್ತರ ಶ್ರೇಢಿಯಲ್ಲಿ ಹಂಚಿರಬೇಕು ಎಂದು ಜಿ.ಎಚ್. ವುಡ್ 1945ರಲ್ಲೇ ಬರೆದರು. ಅದರ ಪ್ರಕಾರ ಸ್ಕೋರುಗಳ ಏರಿಳಿತ ಸರಾಸರಿಯಷ್ಟೇ ದೊಡ್ಡದು. ನಿಜವಾಗಿ 40ರ ಯೋಗ್ಯತೆಯವನು ಹತ್ತು ಇನ್ನಿಂಗ್ಸ್ ಆಡಿದರೆ ಅವನ ಸರಾಸರಿ ಬರೀ ಅದೃಷ್ಟದಿಂದಲೇ 28ಕ್ಕೂ 52ಕ್ಕೂ ನಡುವೆ ಎಲ್ಲಿ ಬೇಕಾದರೂ ನಿಲ್ಲಬಹುದು, ಮೂರರಲ್ಲಿ ಒಂದು ಸಲ ಆ ಗಡಿಯನ್ನೂ ದಾಟಬಹುದು. ವಲಯ ಮಟ್ಟದ ಒಂದು ಋತುವಿನಲ್ಲಿ ಹುಡುಗನಿಗೆ ಸಿಗುವುದೇ ಹತ್ತೋ ಹನ್ನೆರಡೋ ಇನ್ನಿಂಗ್ಸ್!

ಹಾಗಾದರೆ ಏನು ಮಾಡಬೇಕು? ಸಂಖ್ಯೆಯನ್ನು ಗುಂಪಿನ ಸರಾಸರಿಯ ಕಡೆಗೆ ಎಳೆಯಬೇಕು. ಊಹೆಯ ಅಂಕಿಯೊಂದನ್ನು ಹಿಡಿಯೋಣ. ವಲಯದ ಸರಾಸರಿ 32, ಹುಡುಗನದು ಹತ್ತು ಇನ್ನಿಂಗ್ಸ್‌ನಲ್ಲಿ 65. ಆಟಗಾರರ ನಿಜವಾದ ಯೋಗ್ಯತೆಯ ವ್ಯತ್ಯಾಸ ಎಂಟು ರನ್ನಿನಷ್ಟು ಎಂದುಕೊಂಡರೆ, ಆ 33 ರನ್ನಿನ ಹೆಚ್ಚುವರಿಯಲ್ಲಿ ಮೂರನೇ ಒಂದು ಭಾಗವನ್ನಷ್ಟೇ ನಂಬಬಹುದು. ಅಂದರೆ ಅವನನ್ನು 43ರ ಆಟಗಾರ ಎಂದು ತಿಳಿಯುವುದು ಒಳ್ಳೆಯದು. ಅದೇ 65 ನಲವತ್ತು ಇನ್ನಿಂಗ್ಸ್‌ನಲ್ಲಿ ಬಂದಿದ್ದರೆ 54 ಎನ್ನಬಹುದು.

ಈ ಎಳೆತಕ್ಕೆ ಗಣಿತದ ಬೆಂಬಲ ಸಿಕ್ಕಿದ್ದು ಚಾರ್ಲ್ಸ್ ಸ್ಟೈನ್ 1956ರಲ್ಲಿ ಮುಂದಿಟ್ಟ ವಿಚಿತ್ರ ಪ್ರಮೇಯದಿಂದ. ಬ್ರಾಡ್ಲಿ ಎಫ್ರನ್ ಮತ್ತು ಕಾರ್ಲ್ ಮೋರಿಸ್ ಅದನ್ನು 1970ರ ಬೇಸ್‌ಬಾಲ್ ಋತುವಿನ 18 ಆಟಗಾರರ ಮೊದಲ 45 ಅವಕಾಶಗಳ ಮೇಲೆ ಪ್ರಯೋಗಿಸಿದರು. ಸಂಖ್ಯೆಗಳನ್ನು ಸರಾಸರಿಯ ಕಡೆಗೆ ಎಳೆದಾಗ ಉಳಿದ ಋತುವಿನ ಮುನ್ಸೂಚನೆಯ ಒಟ್ಟು ದೋಷ ಮೂರನೇ ಒಂದಕ್ಕಿಂತಲೂ ಕೆಳಗಿಳಿಯಿತು. ತಮಾಷೆಯೆಂದರೆ ಪಟ್ಟಿಯ ಮೊದಲಿಗ ರಾಬರ್ಟೊ ಕ್ಲೆಮೆಂಟೆ ವಿಷಯದಲ್ಲಿ ಎಳೆತ ಅತಿಯಾಯಿತು. ಬ್ಯಾಟಿಂಗ್ ಸರಾಸರಿ 0.400 ಇದ್ದವನನ್ನು ಸೂತ್ರ 0.29ರ ಆಸುಪಾಸಿಗೆ ಇಳಿಸಿತು, ಅವನು ಉಳಿದ ಋತುವಿನಲ್ಲಿ 0.346 ಹೊಡೆದ. ಗುಂಪಿಗೆ ನ್ಯಾಯವಾಗುವ ಸೂತ್ರ ಅಪರೂಪದ ಒಬ್ಬನಿಗೆ ಅನ್ಯಾಯ ಮಾಡುವುದುಂಟು. ನಮ್ಮ ಜಿ.ಆರ್. ವಿಶ್ವನಾಥ್ ನೆನಪಾಗುತ್ತಾರೆ. ಭದ್ರಾವತಿಯ ಹುಡುಗ 1967ರಲ್ಲಿ ರಣಜಿಯ ಮೊದಲ ಪಂದ್ಯದಲ್ಲೇ ಆಂಧ್ರದ ವಿರುದ್ಧ 230. ಒಂದು ಇನ್ನಿಂಗ್ಸಿಗೆ ಸೂತ್ರ ಸೊಪ್ಪು ಹಾಕುವುದಿಲ್ಲ. 1969ರಲ್ಲಿ ಕಾನ್ಪುರದ ಚೊಚ್ಚಲ ಟೆಸ್ಟಿನಲ್ಲಿ ಅವರು ಗಳಿಸಿದ್ದು 0 ಮತ್ತು 137.

ಇದೇ ಎಳೆತದ ಇನ್ನೊಂದು ರೂಪವನ್ನು ಕಾರ್ನೆಲ್ ವಿಶ್ವವಿದ್ಯಾಲಯದ ಚಾರ್ಲ್ಸ್ ಹೆಂಡರ್ಸನ್ ಹೋರಿಗಳಿಗಾಗಿ ಕಂಡುಹಿಡಿದಿದ್ದರು. ಹೋರಿ ಹಾಲು ಕರೆಯುವುದಿಲ್ಲ, ಅದರ ಯೋಗ್ಯತೆಯನ್ನು ಹೆಣ್ಣುಕರುಗಳು ಮುಂದೆ ಕೊಡುವ ಹಾಲಿನಿಂದ ಊಹಿಸಬೇಕು. ನಾಲ್ಕೇ ಮಗಳಂದಿರಿರುವ ಹೋರಿಯನ್ನು ಹೆಚ್ಚು ಎಳೆಯಬೇಕು, ನಾನೂರಿದ್ದರೆ ಕಡಿಮೆ. ಹೈನು ರಾಸುಗಳ ತಳಿ ಆಯ್ಕೆಯಲ್ಲಿ ಜಗತ್ತೆಲ್ಲ ಬಳಸುವ ಈ ಲೆಕ್ಕ ಮದ್ದೂರಿನ ಗೆಜ್ಜಲಗೆರೆಯ ಮನ್‌ಮುಲ್ ಡೈರಿಗೆ ಹಾಲು ಹಾಕುವವರ ಬದುಕಿನ ಬೆನ್ನಿಗೂ ಇದೆ.

ವಯಸ್ಸಿನ ವಿಷಯ ಬಿಡುವಂತಿಲ್ಲ. ಮೈನರ್ ಲೀಗಿನಲ್ಲಿ 19ರ ಹುಡುಗನ ಸಾಧಾರಣ ಅಂಕಿ 25ರವನ ಒಳ್ಳೆಯ ಅಂಕಿಗಿಂತ ಬೆಲೆಬಾಳುತ್ತದೆ. ಬಿಸಿಸಿಐ ವಯೋಮಿತಿಗೆ ಸೆಪ್ಟೆಂಬರ್ 1 ಗಡಿ. ಸೆಪ್ಟೆಂಬರಿನಲ್ಲಿ ಹುಟ್ಟಿದವನಿಗೆ ಮುಂದಿನ ಆಗಸ್ಟಿನವನಿಗಿಂತ ಹೆಚ್ಚುಕಡಿಮೆ ಒಂದು ವರ್ಷದ ಮೈಬಲ ಜಾಸ್ತಿ. ಕೆನಡಾದ ಐಸ್ ಹಾಕಿಯಲ್ಲಿ ಇಂಥ ಮೊದಲ ತಿಂಗಳ ಮಕ್ಕಳೇ ತುಂಬಿರುವುದನ್ನು ರೋಜರ್ ಬಾರ್ನ್ಸ್‌ಲಿ 1985ರಲ್ಲಿ ತೋರಿಸಿದರು. ನಮ್ಮಲ್ಲಿ ಜನನ ಪತ್ರದ ಗೊಂದಲವೂ ಸೇರಿ, 16ರೊಳಗಿನವರಿಗೆ ಎಡ ಮಣಿಕಟ್ಟಿನ ಎಕ್ಸ್-ರೇ ತೆಗೆದು ಮೂಳೆ ಬೆಳವಣಿಗೆ ನೋಡುವ ಟಿಡಬ್ಲ್ಯು-3 ಪರೀಕ್ಷೆ ಬಂದಿದೆ.

ಈಗ ಇಬ್ಬರು ಕನ್ನಡಿಗರನ್ನು ಈ ಕನ್ನಡಕದಲ್ಲಿ ನೋಡಬಹುದು. 2017ರ ರಣಜಿ ಋತುವಿನ ಮೊದಲ ಮೂರು ಇನ್ನಿಂಗ್ಸ್‌ನಲ್ಲಿ ಮಯಾಂಕ್ ಅಗರವಾಲ್ ಗಳಿಸಿದ್ದು 31, 0, 0. ನಾಲ್ಕನೆಯದು ಪುಣೆಯಲ್ಲಿ ಅಜೇಯ 304. ಆ ರಣಜಿಯಲ್ಲಿ 1,160, ದೇಶಿ ಋತುವಿನ ಎಲ್ಲ ಮಾದರಿ ಸೇರಿ 2,141 ರನ್. ಇಷ್ಟು ದೊಡ್ಡ ರಾಶಿಯನ್ನು ಯಾವ ಸೂತ್ರವೂ ಹೆಚ್ಚು ಎಳೆಯಲಾರದು. 2018ರ ಡಿಸೆಂಬರಿನಲ್ಲಿ ಮೆಲ್ಬರ್ನ್‌ನಲ್ಲಿ ಚೊಚ್ಚಲ ಇನ್ನಿಂಗ್ಸ್ 76. ಕೊನೆಗೆ 21 ಟೆಸ್ಟ್, 1,488 ರನ್, ಸರಾಸರಿ 41.33. ಆದರೆ ನಾಲ್ಕೂ ಶತಕಗಳು ಭಾರತದಲ್ಲೇ. ಮುನ್ಸೂಚನೆ ಒಟ್ಟಿನಲ್ಲಿ ಸರಿ, ಪರಿಸರದ ಅಂತರ್‌ಕ್ರಿಯೆಯೂ ಅಷ್ಟೇ ಸ್ಪಷ್ಟ.

ಕರುಣ್ ನಾಯರ್ ಕತೆ ಇನ್ನೂ ತೊಡಕು. 2016ರ ಡಿಸೆಂಬರಿನಲ್ಲಿ ಚೆನ್ನೈಯಲ್ಲಿ ಅಜೇಯ 303, ಮರುವರ್ಷ ತಂಡದಿಂದ ಹೊರಕ್ಕೆ. ವಿದರ್ಭಕ್ಕೆ ಹೋಗಿ 2024-25ರ ವಿಜಯ್ ಹಜಾರೆ ಟೂರ್ನಿಯಲ್ಲಿ 779 ರನ್, ಸರಾಸರಿ 389.5. ಔಟಾದದ್ದೇ ಎರಡು ಸಲವಾದ್ದರಿಂದ ಆ ಸರಾಸರಿಗೆ ಸಂಖ್ಯೆಯೆಂಬ ಗೌರವ ಕೊಡುವುದೂ ಕಷ್ಟ. ಅದೂ ಬಿಳಿ ಚೆಂಡಿನಲ್ಲಿ, ಭಾರತದ ಪಿಚ್ ಮೇಲೆ. ಆ ಬಲ ಮತ್ತು ರಣಜಿಯ ರನ್ನುಗಳ ಬಲದಿಂದ 2025ರಲ್ಲಿ ಇಂಗ್ಲೆಂಡಿಗೆ ಹೋದರು. ನಾಲ್ಕು ಟೆಸ್ಟ್, ಎಂಟು ಇನ್ನಿಂಗ್ಸ್, 205 ರನ್, ಸರಾಸರಿ 25.62. ಮುಂದಿನ ಸರಣಿಗೆ ಅವರನ್ನು ಕೈಬಿಟ್ಟರು. ಆದರೆ ವುಡ್ ಅವರ ಲೆಕ್ಕದಲ್ಲಿ 40ರ ಯೋಗ್ಯತೆಯ ಆಟಗಾರ ಎಂಟು ಇನ್ನಿಂಗ್ಸ್‌ನಲ್ಲಿ 26ಕ್ಕೋ ಅದಕ್ಕೂ ಕೆಳಕ್ಕೋ ಇಳಿಯುವುದು ಹತ್ತರಲ್ಲಿ ಒಂದೆರಡು ಸಲ ಆಗಿಯೇ ಆಗುತ್ತದೆ. ಆ 205 ರನ್ ಅವರು ಸಾಲದವರೆಂದೂ ಸಾಬೀತು ಮಾಡುವುದಿಲ್ಲ, ಸಾಕಾದವರೆಂದೂ ಮಾಡುವುದಿಲ್ಲ. ವಿ.ಸಿ. ಫಾರಂನ ತಳಿಯಾಗಿದ್ದರೆ ಇಷ್ಟು ಮಸುಕಾದ ಫಲಿತಾಂಶಕ್ಕೆ ಇನ್ನೊಂದು ಹಂಗಾಮು ಕೊಡುತ್ತಿದ್ದರು, ಒಟ್ಟಿಗೇ ಹತ್ತು ಕಡೆ ಬಿತ್ತುತ್ತಿದ್ದರು. ಆದರೆ ಕರುಣ್‌ಗೆ ಆಗ ವಯಸ್ಸು 33. ಆಡುವ ಬಳಗದಲ್ಲಿ ಜಾಗ ಹನ್ನೊಂದೇ.